ಯಿದಿರ್ ಬಿಗಿಯದೆ ಬಿಟ್ಟ ನಾಲ್ಕು ಬೋಲ್ಟುಗಳು

೨೦೧೯ರ ಮಾರ್ಚ್ ೧೪, ಗುರುವಾರ. ನಮ್ಮ ತಿಝ್ಗಿ ಪೇಟೆಯ ಮೆಕ್ಯಾನಿಕ್ ಯಿದಿರ್ ಉಬಾಹಾ ಇಳಿಹೊತ್ತಿನ ಅಸರ್ ನಮಾಜಿಗೆ ಹೋಗಿದ್ದಾಗ, ಅವನು ಬೇಕೆಂದೇ ಸಡಿಲ ಬಿಟ್ಟಿದ್ದ ನಾಲ್ಕು ಬೋಲ್ಟುಗಳನ್ನು ಬೇರೊಬ್ಬರು ಬಿಗಿದರು. ಅದರಿಂದ ಒಬ್ಬ ದಾದಿಯ ಹೆಗಲ ಮೂಳೆ ಮುರಿಯಿತು. ತಪ್ಪನ್ನು ಯಿದಿರನ ಹೆಸರಿಗೆ ಬರೆಯಲಾಯಿತು. ನಾನು, ದಾವೂದ್, ಮೂವತ್ತೊಂದು ವರ್ಷ ಸರ್ಕಾರದ ರಸ್ತೆಗಳನ್ನು ಅಳೆದು ನಿವೃತ್ತನಾದವನು. ಬೋಲ್ಟು ಬಿಗಿದದ್ದನ್ನು ಆರು ಹೆಜ್ಜೆ ದೂರದಿಂದ ಕಂಡಿದ್ದೇನೆ. ವಿಚಾರಣಾ ಸಮಿತಿ ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಯಿದಿರ್ ಹದಿನೇಳನೆಯ ವಯಸ್ಸಿಗೆ ಗಣಿಯ ಪಂಪ್ ಮನೆಗೆ ಸೇರಿದವನು. ಗಣಿ ಮುಚ್ಚಿದ ಮೇಲೆ ಬೈಕ್ ರಿಪೇರಿಗೆ ಇಳಿದ. ಸಘ್ರೊ ಬೆಟ್ಟದ ಹಳ್ಳಿಗಳಿಗೆ ಲಸಿಕೆ ಒಯ್ಯುವ ಆರೋಗ್ಯ ಇಲಾಖೆಯ ಹನ್ನೊಂದು ಬೈಕುಗಳೂ ಇಪ್ಪತ್ತೆರಡು ವರ್ಷ ಅವನ ಕೈಯಲ್ಲೇ ಇದ್ದವು. ಡಾಂಬರಿನ ಮೇಲೂ ಜಲ್ಲಿಯ ಮೇಲೂ ಓಡುವ ಎತ್ತರದ ಬೈಕುಗಳು ಅವು. ಅವನಿಗೆ ಮಾತು ಕಡಿಮೆ. ಕೋಪ ಅದಕ್ಕಿಂತ ಕಡಿಮೆ. ಈ ಎರಡನೆಯ ಗುಣ ನನಗೆ ಎಂದೂ ಹಿಡಿಸಿಲ್ಲ.

ಅಂದು ಅವನು ದಾದಿ ಇಜ್ಜಾಳ ಬೈಕಿನಲ್ಲಿ, ಮುಂಚಕ್ರವನ್ನು ಹಿಡಿದು ಸ್ಪ್ರಿಂಗಿನಂತೆ ಕುಗ್ಗುವ ಫೋರ್ಕಿಗೆ ಅಲ್ಯೂಮಿನಿಯಂ ಅಡ್ಡಪಟ್ಟಿ ಕೂರಿಸುತ್ತಿದ್ದ. ಆ ಬೈಕುಗಳ ಫೋರ್ಕಿನ ಕಾಲುಗಳು ಉದ್ದ, ಸಣಕಲು. ಜಲ್ಲಿಯಲ್ಲಿ ಅವು ತಿರುಚಿಕೊಂಡು ಹ್ಯಾಂಡಲ್ ಒಂದು ಕಡೆ, ಚಕ್ರ ಇನ್ನೊಂದು ಕಡೆ ಹೋಗುತ್ತದೆ. ಎರಡು ಕಾಲುಗಳನ್ನು ಮಡ್‌ಗಾರ್ಡಿನ ಮೇಲೆ ಒಂದಕ್ಕೊಂದು ಕಟ್ಟಿಹಾಕುವುದೇ ಈ ಪಟ್ಟಿಯ ಕೆಲಸ. ಬಲಗಾಲಿನ ಹತ್ತಿರ ಕೂದಲೆಳೆಯಷ್ಟು ಸಂದು ಉಳಿದಿತ್ತು. ಯಿದಿರ್ ಸಾರ್ಡೀನ್ ಮೀನಿನ ಡಬ್ಬಿಯಿಂದ ಒಂದು ತಗಡಿನ ಚೂರು ಕತ್ತರಿಸಿ ಅಲ್ಲಿ ತೂರಿಸಿದ. ನಾನು ಅಳೆದೆ: ಮಿಲಿಮೀಟರಿನ ಹತ್ತರಲ್ಲಿ ಎರಡು ಪಾಲು.

"ನಾಲ್ಕು ಬೋಲ್ಟಿಗೆ ಬೆಳಿಗ್ಗೆಯಿಂದ ಮೂರು ಲೋಟ ಚಹಾ ಆಯ್ತಲ್ಲಯ್ಯ," ಎಂದೆ.

"ಮೂರೂ ಕುಡಿದೋರು ನೀವು, ಸಿ ದಾವೂದ್. ನಂದಿನ್ನೂ ಒಂದೇ." ಹಿರಿಯರ ಹೆಸರಿನ ಮುಂದೆ ಗೌರವದ "ಸಿ" ಹಾಕದೆ ಅವನು ಮಾತಾಡಿದವನಲ್ಲ.

"ಪಟ್ಟಿ ಕೂತಿದೆ, ಸಂದು ಮುಚ್ಚಿದೆ. ಬಿಗಿದು ಮುಗಿಸಬಾರದಾ?"

"ಜೋಡಿ ಹೇಸರಗತ್ತೆ ಕಟ್ಟಿದ ಹಾಗೆ ಇದು. ಮೊದ್ಲು ನಾಲ್ಕು ಹೆಜ್ಜೆ ಹಾಕ್ಲಿ, ಒಂದಕ್ಕೊಂದು ಹೊಂದ್ಕೊಳ್ಲಿ, ಆಮೇಲೆ ನೊಗ ಬಿಗೀಬೇಕು. ನಿಂತಲ್ಲೇ ಬಿಗಿದ್ರೆ ಎರಡೂ ಕತ್ತು ಹಿಡ್ಕೊಂಡು ನಿಲ್ತವೆ."

ಅವನ ಕ್ರಮ ಹೀಗೆ: ಬೋಲ್ಟುಗಳನ್ನು ಬೆರಳಿನಿಂದಷ್ಟೇ ತಿರುಗಿಸಿ, ಚಕ್ರದ ಅಚ್ಚನ್ನೂ ಸಡಿಲಿಸಿ, ಬೈಕನ್ನು ನೆಟ್ಟಗೆ ಹಿಡಿದು ಫೋರ್ಕನ್ನು ಹನ್ನೆರಡು ಸಲ ಕುಗ್ಗಿಸುವುದು, ಬಳಿಕ ನೆರಳಿನಲ್ಲಿ ತಣಿಯಲು ಬಿಟ್ಟು, ಮತ್ತೆ ಕುಗ್ಗಿಸಿ, ಆಮೇಲೆ ಬಿಗಿಯುವುದು. ಅಲ್ಲಿಯವರೆಗೆ ಎಡ ಹಿಡಿಕೆಗೆ ಒಂದು ನೀಲಿ ಬಟ್ಟೆ ಕಟ್ಟಿರುತ್ತಾನೆ. ಬಟ್ಟೆ ಇದ್ದರೆ ಕೆಲಸ ಮುಗಿದಿಲ್ಲ. ಇಲ್ಲದಿದ್ದರೆ ಕೇಳದೆಯೇ ಒಯ್ಯಬಹುದು. ಇದು ನಮ್ಮ ಬೀದಿಗೆಲ್ಲ ಗೊತ್ತು. ಬಟ್ಟೆಯ ಬದಲು ಒಂದು ಫಲಕ ಬರೆಸು ಎಂದು ನಾನು ಎರಡು ಸಲ ಹೇಳಿದ್ದೆ. "ಓದೋಕೆ ಬರೋರಿಗಿಂತ ಬಟ್ಟೆ ಗೊತ್ತಿರೋರೇ ಜಾಸ್ತಿ," ಎಂದಿದ್ದ.

ಅಂದು ಅಚ್ಚನ್ನು ಕೈಯಿಂದಷ್ಟೇ ತಿರುಗಿಸಿ, ಬಟ್ಟೆ ಕಟ್ಟಿ, ಬೈಕನ್ನು ಪಕ್ಕದ ಸ್ಟ್ಯಾಂಡಿಗೆ ಒರಗಿಸಿ ಅವನು ಮಸೀದಿಗೆ ಹೋದ. ಹಿಂದೆಯೇ ಇಲಾಖೆಯ ವಾಹನ ತಪಾಸಣಾಧಿಕಾರಿ ಸಿ ಬುಝಿಯಾನ್ ಕಾರಿನಿಂದ ಇಳಿದರು. ಬಗ್ಗಿ ಬೋಲ್ಟು ಮುಟ್ಟಿದರು, ಅದು ತಿರುಗಿತು.

"ನೋಡಿ ಇವರ ಕೆಲ್ಸ. ಸರ್ಕಾರಿ ಗಾಡೀಲಿ ಸಡಿಲ ಬೋಲ್ಟು."

"ಅದನ್ನ ಬೇಕಂತಲೇ ಬಿಟ್ಟಿದ್ದಾನೆ. ಮುಟ್ಟಬೇಡಿ," ಎಂದೆ.

"ನೀವು ಮೆಕ್ಯಾನಿಕ್ಕಾ, ಹಿರಿಯರೇ?"

"ಅಲ್ಲ. ನೀವು?"

ಅವರು ಯಿದಿರನ ಸಾಮಾನುಗಳಲ್ಲಿ ಅತಿ ಉದ್ದನೆಯ ಸ್ಪ್ಯಾನರನ್ನೇ ಆರಿಸಿ, ಹ್ಯಾಂಡಲ್ ಎಡಕ್ಕೆ ತಿರುಗಿ ವಾಲಿ ನಿಂತಿದ್ದ ಬೈಕಿನ ಅಚ್ಚನ್ನೂ ನಾಲ್ಕು ಬೋಲ್ಟುಗಳನ್ನೂ ಉಸಿರು ಬಿಗಿಹಿಡಿದು ಬಿಗಿದರು. ಆಮೇಲೆ ಹಿಡಿಕೆಯ ನೀಲಿ ಬಟ್ಟೆಯನ್ನು ಬಿಚ್ಚಿ, ಅದರಲ್ಲೇ ಕೈ ಒರೆಸಿಕೊಂಡು, ಚರಂಡಿಗೆ ಎಸೆದು ಹೊರಟುಹೋದರು.

ನಾನು ಮಸೀದಿಗೆ ಓಡಿದೆ. ನನ್ನ ಓಟವೆಂದರೆ ಏನು, ಎಪ್ಪತ್ತಮೂರರ ವಯಸ್ಸಿನದು. ನಮಾಜು ಮುಗಿಯುವ ತನಕ ಬಾಗಿಲಲ್ಲಿ ನಿಲ್ಲಬೇಕಾಯಿತು. ಒಟ್ಟು ಹದಿನಾಲ್ಕು ನಿಮಿಷ. ಮರಳಿ ಬಂದಾಗ ಬೈಕಿರಲಿಲ್ಲ. ಬಟ್ಟೆ ಕಾಣದ್ದರಿಂದ ಇಜ್ಜಾ ಲಸಿಕೆಯ ಡಬ್ಬಿ ಕಟ್ಟಿಕೊಂಡು ಐತ್ ಉಫೆಲ್ಲಾ ಹಳ್ಳಿಗೆ ಹೊರಟಿದ್ದಳು.

ರೊಟ್ಟಿ ಬೇಯಿಸುವವನ ವ್ಯಾನಿನಲ್ಲಿ ಬೆನ್ನಟ್ಟಿದೆವು. ಪೇಟೆಯಿಂದ ಮೂರು ಕಿಲೋಮೀಟರ್ ನಾನೂರು ಮೀಟರ್ ದೂರದ ಜಲ್ಲಿ ತಿರುವಿನಲ್ಲಿ ಅವಳು ಎಡಗೈಯನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದಳು.

"ದಾ ಯಿದಿರ್, ಅಣ್ಣಾ, ಬಟ್ಟೆ ಇರ್ಲಿಲ್ಲ. ಅದಕ್ಕೇ ತಗೊಂಡ್ಬಂದೆ."

"ನಿನ್ನ ತಪ್ಪಲ್ಲ, ಲಲ್ಲಾ ಇಜ್ಜಾ. ಡಬ್ಬಿ?"

"ಡಬ್ಬಿ ಚೆನ್ನಾಗೇ ಇದೆ. ನಾನೇ ಕೆಟ್ಟಿರೋದು."

ಅವಳನ್ನು ವ್ಯಾನಿನಲ್ಲಿ ಮಲಗಿಸಿದ ಮೇಲೆ ಯಿದಿರ್ ಬೈಕನ್ನು ಎತ್ತಿ ನಿಲ್ಲಿಸಿ ಹ್ಯಾಂಡಲನ್ನು ಅದುಮಿದ. ಫೋರ್ಕು ಕೆಳಗಿಳಿಯಿತು, ಕೈ ತೆಗೆದರೂ ಮೇಲೇಳಲಿಲ್ಲ. ನಾಲ್ಕು ಬೋಲ್ಟು ಸಡಿಲಿಸಿದೊಡನೆ ಎದ್ದಿತು. ಎಷ್ಟು ಎದ್ದಿತೆಂದು ಅಲ್ಲೇ ಅಳೆದೆ: ಇಪ್ಪತ್ತೇಳು ಮಿಲಿಮೀಟರ್. ಕುಗ್ಗಿದಲ್ಲೇ ಸಿಕ್ಕಿಹಾಕಿಕೊಂಡ ಫೋರ್ಕು ಮುಂದಿನ ಕಲ್ಲಿಗೆ ಇನ್ನಷ್ಟು ಕುಗ್ಗದೆ ಪುಟಿದಿತ್ತು. ಅವಳು ಬಿದ್ದದ್ದು ಹಾಗೆ.

ಮೇ ೨ರ ವರದಿ ಏನು ಹೇಳುತ್ತದೆ? "ಅಡ್ಡಪಟ್ಟಿಯನ್ನು ಓರೆಯಾಗಿ, ಅತಿಯಾಗಿ ಬಿಗಿದ ಮೆಕ್ಯಾನಿಕನ ನಿರ್ಲಕ್ಷ್ಯ." ಓರೆಯಾಗಿ ಬಿಗಿದದ್ದು ನಿಜ, ಅತಿಯಾಗಿ ಬಿಗಿದದ್ದೂ ನಿಜ. ಬಿಗಿದ ಕೈ ಮಾತ್ರ ಬೇರೆ. ಆ ಕೈಯೇ ವರದಿಯ ಕೆಳಗೆ ಸಮಿತಿಯ ಸದಸ್ಯನೆಂದು ಸಹಿ ಹಾಕಿದೆ. ಹನ್ನೊಂದು ಬೈಕುಗಳನ್ನು ಯಿದಿರ್ ಇನ್ನು ಮುಟ್ಟಕೂಡದೆಂದು ಆಜ್ಞೆಯಾಯಿತು.

"ಹೋಗ್ಲಿ ಬಿಡಿ, ಸಿ ದಾವೂದ್. ನಂಗೆ ಬೇರೆ ಕೆಲ್ಸ ಇದೆ," ಎಂದ ಯಿದಿರ್.

ಇರಲಿಲ್ಲ. ದಾದಿಯನ್ನು ಬೀಳಿಸಿದವನೆಂಬ ಮಾತು ಬೆಟ್ಟವೆಲ್ಲ ಹಬ್ಬಿತ್ತು. ಮುಂದಿನ ಹತ್ತು ದಿನಗಳಲ್ಲಿ ಅವನ ಬಾಗಿಲಿಗೆ ಬಂದದ್ದು ಒಂದು ನೀರಿನ ಪಂಪು ಮತ್ತು ಒಂದು ಸೈಕಲ್. ಪಂಪನ್ನು ಕೊಟ್ಟವನು ನಾನು. ಅದಕ್ಕೆ ಏನೂ ಆಗಿರಲಿಲ್ಲ. ಅವನು ಅದನ್ನು ಪೂರ್ತಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ, "ಚೆನ್ನಾಗಿತ್ತಲ್ಲ, ಯಾಕೆ ತಂದ್ರಿ?" ಎಂದು ಕೇಳಿದ.

ಆದ್ದರಿಂದ ಸಮಿತಿಯ ಮೂವರು ಸದಸ್ಯರಲ್ಲಿ ನನ್ನ ಆಗ್ರಹ ಇದು. ವರದಿಯ ಎರಡನೆಯ ಪುಟದ ಆ ವಾಕ್ಯವನ್ನು ಹೊಡೆದುಹಾಕಿ. ಇಜ್ಜಾಳ ಹೇಳಿಕೆಯನ್ನೂ ನನ್ನ ಹೇಳಿಕೆಯನ್ನೂ ದಾಖಲಿಸಿ. ಬೋಲ್ಟು ಬಿಗಿದವರ ಹೆಸರನ್ನು ಪೂರ್ಣವಾಗಿ ಬರೆಯಿರಿ. ಹನ್ನೊಂದು ಬೈಕುಗಳನ್ನೂ ಯಿದಿರ್ ಉಬಾಹಾನ ಕೈಗೆ ಹಿಂದಿರುಗಿಸಿ. ತಿದ್ದಿದ ವರದಿಯನ್ನು ಅಂಚೆಯಲ್ಲಿ ಕಳುಹಿಸಬೇಡಿ. ಭಾನುವಾರ, ಬೆಟ್ಟದ ಜನರೆಲ್ಲ ಸಂತೆಗೆ ಇಳಿದಿರುವಾಗ, ಸಿ ಬುಝಿಯಾನ್ ಅವರೇ ನಮ್ಮ ಬೀದಿಗೆ ಬಂದು ಅದನ್ನು ಗಟ್ಟಿಯಾಗಿ ಓದಲಿ.