ಹದಿನಾಲ್ಕನೇ ಕಾಲಿನ ಕೆಳಗೆ

ಅವನನ್ನು ಎಲ್ಲರೂ ಗುಂಡಣ್ಣ ಎಂದೇ ಕರೆಯುತ್ತಿದ್ದರು. ಹೆಸರು ಕೇಳಿ ದಪ್ಪ ಹೊಟ್ಟೆಯ ಆಸಾಮಿಯನ್ನು ಹುಡುಕಿಕೊಂಡು ಬಂದವರು ಒಣಗಿದ ಕಡ್ಡಿಯಂಥ ಮನುಷ್ಯನನ್ನು ಕಂಡು, ಬೇರೆ ಬಾಗಿಲಿಗೆ ಬಂದೆವೇನೋ ಎಂದು ಹಿಂದೆ ಸರಿದದ್ದುಂಟು. ಹೆಸರು ಬಂದದ್ದು ಮೈಯಿಂದಲ್ಲ, ಕೈಯಲ್ಲಿದ್ದ ಸೀಸದ ಗುಂಡಿನಿಂದ. ಬಂದರು ಕಚೇರಿಯಲ್ಲಿ ಕೊಲ್ಲಿಯ ಆಳ ಅಳೆಯುವುದು ಅವನ ಕೆಲಸ. ಎರಡು ಕೈ ಚಾಚಿದಷ್ಟುದ್ದಕ್ಕೆ, ಅಂದರೆ ಮಾರಿಗೊಂದು, ಗಂಟು ಹಾಕಿದ ಹಗ್ಗದ ತುದಿಗೆ ಗುಂಡು ಕಟ್ಟಿ ದೋಣಿಯಿಂದ ಇಳಿಸುವುದು, ಗಂಟು ಎಣಿಸುವುದು, ಎಳೆಯುವುದು, ಬರೆಯುವುದು. ಗುಂಡಿನ ಬುಡದ ಕುಳಿಯಲ್ಲಿ ಗ್ರೀಸು ಮೆತ್ತಿರುತ್ತಿತ್ತು. ಅದಕ್ಕೆ ಅಂಟಿ ಬಂದದ್ದನ್ನು ನೋಡಿ ತಳ ಮರಳೋ, ಕೆಸರೋ, ಕಲ್ಲೋ ಎಂದು ಹೇಳುತ್ತಿದ್ದ. ಕೊಲ್ಲಿಯ ತಳ ಇವನಿಗೆ ಅಂಗೈಗಿಂತ ಚೆನ್ನಾಗಿ ಗೊತ್ತು ಎಂದು ಕಚೇರಿಯವರು ಹೊರಗಿನವರ ಮುಂದೆ ಹೊಗಳುತ್ತಿದ್ದರು. ಹೊಗಳುವುದಕ್ಕೆ ಬಂಡವಾಳ ಬೇಡವಲ್ಲ.

ಒಂದು ಜಾಗ ಬಿಟ್ಟು, ಆ ಮಾತು ನಿಜವೂ ಆಗಿತ್ತು. ಆ ಒಂದು ಜಾಗದಲ್ಲಿ ಅವನು ಇಪ್ಪತ್ತೆಂಟು ವರ್ಷದಿಂದ ಹಗ್ಗ ಬಿಟ್ಟಿರಲಿಲ್ಲ. ಆಚೆ ಐದು ಮಾರು, ಈಚೆ ಐದು ಮಾರು, ನಡುವೆಯೂ ಐದೇ ಇರಲಿ ಎಂದು ಪ್ರತಿ ಸಲ ಬರೆದು ಮುಂದೆ ಹೋಗುತ್ತಿದ್ದ. ಆಮೇಲೆ ಸದ್ದು ಕಳಿಸಿ ಆಳ ಹೇಳುವ ಯಂತ್ರ ಬಂತು. ಅದೂ ಅಲ್ಲಿ ಐದೇ ಎಂದಿತು. ಯಂತ್ರವೇ ಗುಂಡಣ್ಣನ ಮಾತಿಗೆ ತಲೆಯಾಡಿಸಿತು ಎಂದು ಕಚೇರಿಯವರು ಅವನ ಬೆನ್ನು ತಟ್ಟಿದರು. ಆವತ್ತು ಅವನಿಗೆ ಅನ್ನ ಸೇರಲಿಲ್ಲ.

ಹೀಗಿರುವಾಗ ಕಂಪನಿಯವರು ಬಂದರು. ಕೊಲ್ಲಿಯ ನೀರಿನ ಮೇಲೆ ರೋಲರ್ ಕೋಸ್ಟರ್ ಕಟ್ಟುತ್ತಾರಂತೆ. ದಡದಿಂದ ಹೊರಟ ಹಳಿ ಆಕಾಶಕ್ಕೆ ಏರಿ, ನೀರಿಗೆ ಬಿದ್ದೇಬಿಟ್ಟಿತು ಅನ್ನುವಷ್ಟು ಇಳಿದು, ಮೈ ತಿರುಚಿ ವಾಪಸು ಬರುತ್ತದಂತೆ. ಅವರು ತಂದ ಚಿತ್ರದಲ್ಲಿ ನೀರು ಗಾಜಿನ ಹಾಗೆ ನೀಲಿ, ಗಾಳಿ ಇಲ್ಲ, ಕೂತವರೆಲ್ಲ ಹಲ್ಲು ಬಿಟ್ಟು ನಗುವವರೇ. ಮಾರುವವನು ಬಟ್ಟೆಯ ಹರಿದ ಮಗ್ಗುಲನ್ನು ಬಿಡಿಸಿ ತೋರಿಸುವುದುಂಟೇ?

ಆದರೆ ಇದು ಆಗುವ ಮಾತೋ ಅಲ್ಲವೋ ಎಂದು ಹೇಳಲು ಅವರು ಕಳಿಸಿದ ಎಂಜಿನಿಯರಮ್ಮ ಚಿತ್ರ ನಂಬುವ ಪೈಕಿ ಅಲ್ಲ. ಬಂದ ದಿನವೇ ಕಚೇರಿಯ ದೊಡ್ಡ ಮೇಜಿನ ಮೇಲೆ ನಕಾಶೆ ಹರಡಿ ಗುಂಡಣ್ಣನನ್ನು ಎದುರು ಕೂರಿಸಿಕೊಂಡಳು. ಉಪ್ಪುಗಾಳಿಯ ತುಕ್ಕಿಗೆ ಬಣ್ಣ ಬಳಿಯಬಹುದು, ಅಲೆಗೆ ಸಿಗದಷ್ಟು ಹಳಿ ಎತ್ತರಿಸಬಹುದು, ಗಾಳಿ ಜೋರಾದರೆ ಓಟ ನಿಲ್ಲಿಸಬಹುದು ಎಂದು ಒಂದೊಂದೇ ಬೆರಳು ಮಡಚಿದಳು. ಕಷ್ಟ ಇರುವುದು ತಿರುವಿನಲ್ಲಿ. ಅಲ್ಲಿ ಬಂಡಿಗಳ ಭಾರ ಕೆಳಕ್ಕಲ್ಲ, ಪಕ್ಕಕ್ಕೆ ನೂಕುತ್ತದೆ. ಕಂಬದ ಕಾಲು ಗಟ್ಟಿ ನೆಲ ಕಚ್ಚಿರದಿದ್ದರೆ ಸಡಿಲವಾದ ಹಲ್ಲಿನ ಹಾಗೆ ಅಲ್ಲಾಡತೊಡಗುತ್ತದೆ. ಎಲ್ಲ ಕಾಲುಗಳ ಜಾಗದಲ್ಲೂ ನೆಲ ಕೊರೆದು ನೋಡಲು ಕಂಪನಿ ಒಪ್ಪಿಲ್ಲ, ನಾಲ್ಕಕ್ಕೊಂದು ಮಾತ್ರ. ಉಳಿದದ್ದಕ್ಕೆ ಗುಂಡಣ್ಣನ ನಕಾಶೆಯೇ ಆಧಾರ. ಅವಳ ಪೆನ್ಸಿಲು ಹಾಳೆಯ ಮೇಲೆ ನಡೆದು, ದೊಡ್ಡ ತಿರುವಿನ ನೆತ್ತಿಯಲ್ಲಿ, ಆ ಜಾಗದ ಮೇಲೆ ನಿಂತಿತು.

"ಹದಿನಾಲ್ಕನೇ ಕಾಲು. ಇಲ್ಲಿ ಕೊರೆಯಲ್ಲ. ಐದು ಮಾರು, ಕೆಳಗೆ ಮರಳು. ಹೌದಲ್ವಾ ಗುಂಡಣ್ಣ?"

"ಹೌದು ಮೇಡಂ" ಎಂದ. ಇಪ್ಪತ್ತೆಂಟು ವರ್ಷ ಬರೆದ ಕೈ, ಬಾಯಿಗೂ ಅಭ್ಯಾಸ ಮಾಡಿಸಿಬಿಟ್ಟಿತ್ತು.

ಆ ಜಾಗದ ಕತೆ ಇಷ್ಟು. ಗುಂಡಿನ ಕೆಲಸ ಮೊದಲು ಅವನ ಅಣ್ಣನದು. ಇವನು ಹೊಸದಾಗಿ ಹಗ್ಗ ಹಿಡಿಯಲು ಸೇರಿದ್ದ. ಅಣ್ಣ ಕಲಿಸಿದ ಮೊದಲ ಪಾಠ ಒಂದೇ. ಕೆಸರಿಗೆ ಇಳಿಯುವಾಗ ಗುಂಡು ತಡೆದು ತಡೆದು ಇಳಿಯುತ್ತದೆ, ಹಗ್ಗ ಕೈಯನ್ನು ಸಣ್ಣಗೆ ಜಗ್ಗುತ್ತದೆ. ಆಗ ಎಳೆದವನ ಲೆಕ್ಕ ಸುಳ್ಳು. ಹಗ್ಗ ಸುಮ್ಮನಾಗುವ ತನಕ ಎಳೆಯಕೂಡದು. ಒಂದು ದಿನ ಆ ಜಾಗದಲ್ಲಿ ಗುಂಡು ಐದು ದಾಟಿ ಹನ್ನೊಂದಕ್ಕೆ ಹೋಗಿ ಸಿಕ್ಕಿಕೊಂಡಿತು. ಹಗ್ಗ ಎಲ್ಲೋ ಸುತ್ತಿಕೊಂಡಿರಬೇಕು, ನೋಡಿ ಬರುತ್ತೇನೆ ಎಂದು ಅಣ್ಣ ಅಂಗಿ ಬಿಚ್ಚಿಟ್ಟು, ಅದೇ ಹಗ್ಗ ಹಿಡಿದು ಮುಳುಗಿದ. ಸ್ವಲ್ಪ ಹೊತ್ತಿಗೆ ಹಗ್ಗ ಜಗ್ಗಿತು. ಮತ್ತೆ ಜಗ್ಗಿತು. ತಮ್ಮ, ಪಾಠ ಒಪ್ಪಿಸುವ ಹಾಗೆ, ಕಾದ. ಎಷ್ಟು ಸಲ ಜಗ್ಗಿತೆಂದು ಅವನು ಎಣಿಸಲಿಲ್ಲ, ಆದರೆ ಕೈ ಎಣಿಸಿಕೊಂಡಿತ್ತು. ಹಗ್ಗ ಸುಮ್ಮನಾದ ಮೇಲೆ ಎಳೆದ. ಗುಂಡು ಬಂತು, ಅಣ್ಣ ಬರಲಿಲ್ಲ.

ಮನೆಯಲ್ಲಿ, ಕಚೇರಿಯಲ್ಲಿ ಅವನು ಹೇಳಿದ್ದು ಬೇರೆ: ಅಣ್ಣ ದೋಣಿಯಲ್ಲಿ ಎದ್ದು ನಿಂತವನು ಕಾಲು ಜಾರಿ ಬಿದ್ದ, ಮತ್ತೆ ಕಾಣಲಿಲ್ಲ. ಹುಡುಕಿದರು, ಸಿಗಲಿಲ್ಲ. ಎಷ್ಟು ಆಳವಿತ್ತು ಎಂದು ಕೇಳಿದ್ದಕ್ಕೆ ಐದು ಎಂದ. ಹನ್ನೊಂದು ಎಂದರೆ ಹಗ್ಗದ ಮಾತು ಬರುತ್ತದೆ, ಹಗ್ಗದ ಮಾತು ಬಂದರೆ ಕೈಯ ಮಾತು ಬರುತ್ತದೆ.

ಹದಿನಾಲ್ಕನೇ ಕಾಲಿಗೆ ಹೌದು ಎಂದ ಮಾರನೆಯ ದಿನದಿಂದ ಹಗ್ಗಗಳೆಲ್ಲ ಜಗ್ಗತೊಡಗಿದವು. ದೋಣಿ ಕಟ್ಟುವ ಹಗ್ಗ ಸರಿಯೇ ಸರಿ, ಅದಕ್ಕೆ ನೀರಿನ ನೆಪವಿದೆ. ಬಟ್ಟೆ ಒಣಹಾಕುವ ತಂತಿ ಜಗ್ಗಿತು, ಕಚೇರಿಯ ಕಿಟಕಿಯ ಪರದೆಯ ದಾರ ಜಗ್ಗಿತು, ಚಪ್ಪಲಿಯ ವಾರು ಕೂಡ ಒಮ್ಮೆ ಜಗ್ಗಿತು. ಪ್ರತಿ ಸಲ ಅವನು ಬೆಚ್ಚುವುದನ್ನು ಕಚೇರಿಯ ಗುಮಾಸ್ತ ನೋಡಿ ನಕ್ಕ: ರೈಲು ಕಟ್ಟುವ ಮೊದಲೇ ಗುಂಡಣ್ಣನಿಗೆ ಸವಾರಿ ಶುರುವಾಗಿದೆ. ಆ ಗುಮಾಸ್ತ ಮಕ್ಕಳನ್ನು ಮುಂದಿನ ಬಂಡಿಯಲ್ಲೇ ಕೂರಿಸುತ್ತೇನೆಂದು ಈಗಿನಿಂದಲೇ ಹೇಳಿಕೊಂಡು ತಿರುಗುತ್ತಿದ್ದ. ಗುಂಡಣ್ಣನಿಗೆ ಕಾಣುತ್ತಿದ್ದದ್ದು ಆ ಮುಂದಿನ ಬಂಡಿಯೇ: ತಿರುವಿನಲ್ಲಿ ಪಕ್ಕಕ್ಕೆ ವಾಲಿ, ಕೆಳಗೆ ಗಂಜಿಯಂಥ ಕೆಸರಿನಲ್ಲಿ ನಿಂತ ಒಂಟಿ ಕಾಲಿನ ಮೇಲೆ.

ಐದನೆಯ ದಿನ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿರುವಾಗ, ಎಂಜಿನಿಯರಮ್ಮನ ಮೇಜಿನ ಮುಂದೆ ಹೋಗಿ ನಿಂತ. ಒಂದು ಜಾಗ ನಾನು ಅಳೆದೇ ಇಲ್ಲ, ಬನ್ನಿ ಎಂದ. ಅವಳು ಯಾಕೆ ಎಂದು ಕೇಳದೆ ಟೋಪಿ ಎತ್ತಿಕೊಂಡಳು.

ದೋಣಿ ನಿಲ್ಲಿಸಿ ಗುಂಡು ಇಳಿಸಿದ. ಅವಳೂ ಹಗ್ಗಕ್ಕೆ ಕೈ ಕೊಟ್ಟಳು. ಐದನೆಯ ಗಂಟು ನೀರೊಳಗೆ ಹೋಯಿತು. ಆರು ಹೋಯಿತು. ಹತ್ತರ ತನಕ ಹಗ್ಗ ಬೆಣ್ಣೆಯೊಳಗೆ ಇಳಿದ ಹಾಗೆ ಇಳಿಯಿತು. ಹನ್ನೊಂದಕ್ಕೆ ಜಗ್ಗಿತು.

"ಕೆಳಗಿಂದ ಯಾರೋ ಎಳೆದ ಹಾಗಾಯ್ತಲ್ಲ" ಎಂದಳು ಎಂಜಿನಿಯರಮ್ಮ, ಮೆಲ್ಲಗೆ.

ಅವನು ಎಳೆಯಲು ಹೋದ. ಬೇಡ, ಇನ್ನೂ ಇಳಿಯುತ್ತಿದೆ ಎಂದು ಅವಳು ತಡೆದಳು. ಹದಿನೈದಕ್ಕೆ ನಿಂತಿತು. ಮೇಲೆ ಬಂದ ಗುಂಡಿನ ಬುಡದಲ್ಲಿ ಮರಳಿಲ್ಲ, ಕಲ್ಲಿನ ಪುಡಿಯಿಲ್ಲ. ಹತ್ತು ಮಾರಿನ ಕೆಸರು ಹಾದು ಬಂದ ಗ್ರೀಸು ಒರೆಸಿಟ್ಟಷ್ಟು ಚೊಕ್ಕಟವಾಗಿತ್ತು, ನಡುವೆ ಹೆಬ್ಬೆರಳು ಒತ್ತಿದಷ್ಟು ಒಂದು ತಗ್ಗು. ಕಲ್ಲು ತಾಗಿರಬೇಕು ಎಂದು ಅವಳು ಹೇಳಿ, ತನ್ನ ಮಾತನ್ನು ತಾನೇ ನಂಬದವಳ ಹಾಗೆ ಗುಂಡನ್ನು ಇನ್ನೊಮ್ಮೆ ತಿರುಗಿಸಿ ನೋಡಿದಳು.

ಅಲ್ಲೇ ದೋಣಿಯಲ್ಲಿ ಕೂತು ಅವನು ಎಲ್ಲ ಹೇಳಿದ. ಅವಳು ಕೊನೆಯ ತನಕ ಕೇಳಿಸಿಕೊಂಡಳು. ಯಂತ್ರ ಕೆಸರಿನ ಮೇಲ್ಪದರವನ್ನೇ ತಳ ಅಂದುಕೊಂಡಿದೆ, ಕೆಸರು ತುಂಬಿದ ಹಳೇ ಹೊಳೆಯ ಮಡು ಇರಬೇಕು ಎಂದು ತನಗೆ ತಾನೇ ಎಂಬಂತೆ ಹೇಳಿದಳು.

"ಕಟ್ಟಬಹುದು. ಈ ಜಾಗ ಬಿಟ್ಟು ಬಳಸಿಕೊಂಡು ಹೋಗ್ಬೇಕು, ಅಷ್ಟೆ. ಆದರೆ ಯಾಕೆ ಅಂತ ವರದೀಲಿ ಬರೀಬೇಕಾಗುತ್ತೆ ಗುಂಡಣ್ಣ."

"ಬರೀರಿ ಮೇಡಂ. ಒಂದು ದಿನ ತಡೀರಿ, ಅಷ್ಟೆ. ಮನೇಲಿ ಅತ್ತಿಗೆಗೆ ಬೇರೆ ಯಾರೋ ಹೇಳೋದು ಬೇಡ."

ಅತ್ತಿಗೆ ಎಂದರೆ ಅಣ್ಣನ ಹೆಂಡತಿ. ಮದುವೆಯಾಗದ ಮೈದುನನ ಮನೆ ನಡೆಸಿಕೊಂಡು, ದಿಂಬಿನ ಕವರು ಹೊಲಿದುಕೊಂಡು ಇಷ್ಟು ವರ್ಷ ಕಳೆದವಳು. ಇವನು ಹೋದಾಗ ಹೊಲಿಗೆ ಯಂತ್ರದ ಮುಂದಿದ್ದಳು. ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದ. ಒಳಗೆ ಬಂದರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆಂಬ ಭಯ. ಬೈಗುಳಕ್ಕೆ, ಅಳುವಿಗೆ, ಎರಡಕ್ಕೂ ತಯಾರಾಗಿದ್ದ. ಎರಡೂ ಬರಲಿಲ್ಲ.

"ಎಷ್ಟು ಆಳ ಅಂದೆ?"

"ಹದಿನೈದು, ಅತ್ತಿಗೆ. ಐದು ನೀರು. ಮಿಕ್ಕಿದ್ದು ಕೆಸರು."

ಅವಳು ಬಟ್ಟೆಯಿಂದ ಸೂಜಿ ಬಿಡಿಸಿದಳು. "ಆವತ್ತು ಬೆಳಿಗ್ಗೆ ನಂಗೂ ನಿಮ್ಮಣ್ಣಂಗೂ ಜಗಳ ಆಗಿತ್ತು. ಮುಖ ನೋಡ್ದೆ ಹೋದ್ರು. ಐದು ಮಾರು ಅವರಿಗೆ ಯಾವ ಲೆಕ್ಕ? ಬೇಕಂತ್ಲೇ ಮೇಲೆ ಬರ್ಲಿಲ್ಲ ಅಂದ್ಕೊಂಡೆ. ನನ್ನಿಂದ ತಪ್ಪಿಸ್ಕೊಳ್ಳೋಕೆ."

ಈ ಮನೆಯಲ್ಲಿ ಅಣ್ಣ ಕಾಡುತ್ತಿರುವುದು ತನ್ನೊಬ್ಬನನ್ನೇ ಎಂದು ಗುಂಡಣ್ಣ ಅಂದುಕೊಂಡಿದ್ದ. ಒಂದು ಅಂಕಿಯನ್ನು ನಕಾಶೆಗೆ ಮಾತ್ರ ಬರೆದೆ ಎಂದುಕೊಂಡಿದ್ದ.

"ಅತ್ತಿಗೆ, ನಾನು..."

"ಇನ್ಮೇಲೆ ನಿನ್ನ ತಟ್ಟೆಗೆ ನೀನೇ ಬಡಿಸ್ಕೊ" ಎಂದಳು, ದನಿ ಏರಿಸದೆ.

ಆಮೇಲೆ ಎದ್ದು ಬೀರು ತೆಗೆದಳು. ಹಳೇ ಬಟ್ಟೆಗಳ ಅಡಿಯಿಂದ, ಮುಖ ಕೆಳಗಾಗಿಟ್ಟಿದ್ದ ಗಂಡನ ಫೋಟೋವನ್ನು ಎಳೆದು ಅಂಗೈಯಿಂದ ಧೂಳು ಒರೆಸಿದಳು. ಹೊಲಿಗೆ ಯಂತ್ರದ ಮೇಲೆ ತನಗೆ ಎದುರಾಗಿ ನಿಲ್ಲಿಸಿ, ಕುರ್ಚಿ ಸರಿಸಿಕೊಂಡು ಕೂತಳು. ಬಾಗಿಲಲ್ಲೊಬ್ಬ ನಿಂತಿದ್ದಾನೆಂಬುದು ಅವಳ ಲಕ್ಷ್ಯದಲ್ಲೇ ಇರಲಿಲ್ಲ.

"ಬೇಕಂತ ಹೋಗಿಲ್ಲ ಅಂತ ನೀವಾದ್ರೂ ಒಂದು ಮಾತು ಹೇಳಬಾರ್ದಿತ್ತಾ?" ಎಂದು ಫೋಟೋವನ್ನು ಕೇಳಿ, ಉತ್ತರ ಬರುತ್ತದೆಂಬಂತೆ ಕತ್ತು ವಾಲಿಸಿದಳು.