ನಾರ್ಫೋಕ್ ಕಡಲಿಗೆ ಅಮ್ಮನೊಂದಿಗೆ

ಕ್ರೋಮರ್ ಎಂಬ ಊರಿನಲ್ಲಿ ನಾವು ಬಸ್ ಇಳಿದಾಗ ಬಿಸಿಲಿದ್ದರೂ ಗಾಳಿ ಕೊರೆಯುತ್ತಿತ್ತು. ಇಂಗ್ಲೆಂಡಿನ ಪೂರ್ವ ಅಂಚಿನ ನಾರ್ಫೋಕ್ ಜಿಲ್ಲೆಯ ಕರಾವಳಿ ಇದು. ನನ್ನ ತಂಗಿ ಪ್ರಮೀಳಾ ಈ ಕಡೆಯ ವೃದ್ಧಾಶ್ರಮವೊಂದರಲ್ಲಿ ನರ್ಸ್. ಅವಳನ್ನು ನೋಡಲೆಂದು ಕುಂದಾಪುರದ ಕೋಡಿಯಿಂದ ನಾನು ಅಮ್ಮನನ್ನು ಕರೆತಂದಿದ್ದೆ.

"ಇವತ್ ಅಮ್ಮನ್ನ ನಾನ್ ತಿರ್ಗ್ಸ್ತೆ ಅಕ್ಕ, ನೀನ್ ಆರಾಮಾಗ್ ಬಾ" ಎಂದಳು ತಂಗಿ. ಪ್ರೀತಿಯಿಂದಲೇ ಹೇಳಿದ್ದು. ಆದರೂ ಚುಚ್ಚಿತು. ಮಾತ್ರೆ, ಮಂಡಿನೋವು, ಸ್ನಾನದ ಬಿಸಿನೀರು ಎಲ್ಲ ನನ್ನ ಪಾಲಿಗೆ. ತಿರುಗಿಸುವ ಸಂಭ್ರಮ ಅವಳ ಪಾಲಿಗೆ.

ಮೊದಲು ಪಿಯರ್‌ಗೆ ಹೋದೆವು. ಸಮುದ್ರದ ಒಳಕ್ಕೆ ಕಂಬಗಳ ಮೇಲೆ ಹಾಸಿದ ಉದ್ದನೆಯ ಮರದ ಹಾದಿ ಅದು. ಅಂಚಿನಲ್ಲಿ ಜನ ಸಂಸಾರ ಸಮೇತ ನಿಂತು, ದಾರಕ್ಕೆ ಮಾಂಸದ ಚೂರು ಕಟ್ಟಿ ಏಡಿ ಹಿಡಿಯುತ್ತಿದ್ದರು. ಬಕೆಟ್ಟಿಗೆ ಹಾಕಿ ಒಂದಿಷ್ಟು ಹೊತ್ತು ನೋಡಿ ಮತ್ತೆ ನೀರಿಗೇ ಬಿಡುತ್ತಿದ್ದರು.

"ಹಿಡ್ದ್ ಬಿಡೂದಾ? ಎಂತಕೆ?" ಎಂದು ಅಮ್ಮ ಕೇಳಿದಳು.

"ಖುಷಿಗೆ ಅಮ್ಮ" ಎಂದಳು ತಂಗಿ.

ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆ ಅಲೆದು ನಮ್ಮನ್ನು ಸಾಕಿದ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನ್ನ ಮನೆಯಲ್ಲಿ ಆ ನಗು ಒಮ್ಮೆಯೂ ಕೇಳಿರಲಿಲ್ಲ. ತಂಗಿ ಕೊಡಿಸಿದ ಏಡಿ ಸ್ಯಾಂಡ್‌ವಿಚ್ಚನ್ನು ಮೆಚ್ಚಿ ತಿಂದಳು. ಅದಕ್ಕೆ ಖಾರವಿಲ್ಲ, ಕಾಯಿಯಿಲ್ಲ. ನಾನು ಮಾಡುವ ಏಡಿ ಸುಕ್ಕದಲ್ಲಿ ಮಾತ್ರ ಅವಳಿಗೆ ಸದಾ ಏನೋ ಕಡಿಮೆ.

ಅಲ್ಲಿಂದ ಕರಾವಳಿಯುದ್ದಕ್ಕೂ ಪಶ್ಚಿಮಕ್ಕೆ ಬಸ್ಸು. ಟಿಕೆಟ್ ತಲಾ ಮೂರು ಪೌಂಡ್. ಮುಂದಿನ ಸೀಟಿನಲ್ಲಿ ಅವರಿಬ್ಬರು, ಹಿಂದೆ ನಾನು. ಜೌಗು ಬಯಲು, ಹಳೆಯ ಗಾಳಿಯಂತ್ರ, ದಾರಿಬದಿಯಲ್ಲಿ ಕೆಂಪು ಗಸಗಸೆ ಹೂಗಳು. ಇಳಿದಲ್ಲೆಲ್ಲ ಕೂರಲು ಬೆಂಚು, ಶುಚಿಯಾದ ಶೌಚಾಲಯ, ನಡೆಯಲು ಹಾದಿ. ಅದನ್ನು ಕಂಡೂ ಹೊಟ್ಟೆ ಉರಿಯಿತು. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ ಇರುವ ನಮ್ಮ ಮರವಂತೆ ಇವರ ಕೈಗೆ ಸಿಕ್ಕಿದ್ದರೆ ಹೇಗೆ ಇಟ್ಟುಕೊಳ್ಳುತ್ತಿದ್ದರೋ!

ಮೋರ್ಸ್ಟನ್ ಎಂಬಲ್ಲಿ ಸೀಲ್ ಎಂಬ ಕಡಲ ಪ್ರಾಣಿಗಳನ್ನು ತೋರಿಸುವ ದೋಣಿಗೆ ತಂಗಿ ಮೊದಲೇ ಟಿಕೆಟ್ ಮಾಡಿಸಿದ್ದಳು. ದೋಣಿಯವನು ಕೈ ನೀಡಿದ. ಅಮ್ಮ ಹಿಂದೆ ಸರಿದಳು.

"ಹೆಂಗ್ಸ್ರ್ ದೋಣಿ ಹತ್ತುಕಾಗ."

ಅಪ್ಪಯ್ಯ ತೀರಿಹೋಗುವವರೆಗೂ ಮೀನಿಗೆ ಹೋದವರು. ಆದರೆ ನಮ್ಮಲ್ಲಿ ಹೆಂಗಸರು ಮೀನಿನ ದೋಣಿ ಹತ್ತುವ ರೂಢಿ ಇರಲಿಲ್ಲ. ಅಮ್ಮ ಕಡಲನ್ನು ದಡದಿಂದಷ್ಟೇ ಕಂಡವಳು.

"ಇದ್ ಮೀನಿನ ದೋಣಿ ಅಲ್ಲ ಅಮ್ಮ, ಬರೀ ಕಾಂಬುಕೆ ಹೋಪು ದೋಣಿ. ಬಾ" ಎಂದು ತಂಗಿ ಅವಳ ಸೊಂಟ ಬಳಸಿ ಹತ್ತಿಸಿದಳು.

ಮರಳು ದಿಣ್ಣೆಯ ಮೇಲೆ ಸೀಲ್‌ಗಳು ಮೀಸೆ ಹೊತ್ತ ದಪ್ಪ ಮೂಟೆಗಳ ಹಾಗೆ ಬಿದ್ದುಕೊಂಡಿದ್ದವು. ಎಲ್ಲರೂ ಫೋಟೊ ತೆಗೆದರು. ಅಮ್ಮ ಮಾತ್ರ ತಿರುಗಿ ಕೂತು, ದೂರವಾಗುತ್ತಿದ್ದ ದಡ ನೋಡುತ್ತಿದ್ದಳು.

"ನಿಮ್ ಅಪ್ಪಯ್ಯ ಇಷ್ಟ್ ದೂರ ಹೋತಿದ್ರಾ?" ಎಂದು ಕೇಳಿದಳು.

ತಂಗಿ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಿರಲಿಲ್ಲ. ಅಪ್ಪಯ್ಯನ ಕತೆಗಳನ್ನೆಲ್ಲ ಕೇಳಿದವಳು ನಾನು.

"ಇನ್ನೂ ದೂರ ಅಮ್ಮ. ದಡ ಕಾಣ್ದಷ್ಟ್" ಎಂದೆ. ಇಷ್ಟಾದರೂ ನನ್ನದಾಯಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಕೈ ಚಾಚಿ ಹಿಡಿದದ್ದು ತಂಗಿಯ ಕೈಯನ್ನು. "ಇಷ್ಟ್ ವರ್ಷ ದಡದ್ ಮೇಲೇ ನಿಂತ್ ಕಾದೆ. ನೀನ್ ತೋರ್ಸ್ದೆ ಮಗಾ."

ಹೊಳೆ ಕಡಲು ಸೇರುವ ಅಳಿವೆಗೆ ನನ್ನ ಮನೆಯಿಂದ ನಾಲ್ಕು ಹೆಜ್ಜೆ. ದೋಣಿಯಿರುವ ನೆಂಟರು ಬೇಕಾದಷ್ಟು ಜನ. ಅವಳನ್ನೊಮ್ಮೆ ಕರೆದೊಯ್ಯಿರಿ ಎಂದು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ತಂಗಿಗೆ ಹೊಳೆಯಿತು. ಹೊಟ್ಟೆಕಿಚ್ಚು ಬೇರೆ ಯಾವುದಕ್ಕೂ ಅಲ್ಲ, ಅದಕ್ಕೆ.

ವೀಸಾ ಮುಗಿಯುವವರೆಗೆ ಇಲ್ಲೇ ಇರುತ್ತೇನೆ ಎಂದು ಅಮ್ಮ ಮರುದಿನ ಹೇಳಿದಳು. ನನ್ನ ಹೊಲಿಗೆ ಅಂಗಡಿ ಎಷ್ಟು ದಿನ ಬಾಗಿಲು ಹಾಕಿರಲು ಸಾಧ್ಯ? ಒಬ್ಬಳೇ ವಿಮಾನ ಹತ್ತಿದೆ.

ಕೋಡಿಯಲ್ಲಿ ರಿಕ್ಷಾ ಇಳಿಯುತ್ತಿದ್ದಂತೆ ಪಕ್ಕದ ಮನೆಯ ಗಿರಿಜಕ್ಕ ಬೇಲಿಯ ಹತ್ತಿರ ಬಂದರು.

"ಹ್ವಾಯ್, ಅಮ್ಮ ಎಲ್ಲಿ?"

"ತಂಗಿ ಹತ್ರ ಉಳ್ಕಂಡ್ರ್. ಸಮುದ್ರ ಕಂಡ್ ಇನ್ನೂ ಆಯ್ಲಿಲ್ಲೆ ಅಂಬ್ರ್."

ಗಿರಿಜಕ್ಕ ನಮ್ಮ ಮನೆಯ ಹಿಂದೆ ಮೊರೆಯುತ್ತಿದ್ದ ಕಡಲಿನ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ ನಕ್ಕರು. "ಸಮುದ್ರ ಕಾಂಬುಕೆ ಅಷ್ಟ್ ದೂರ ಹೋಯ್ಕಾ?"

ನಾನು ಪೆಟ್ಟಿಗೆ ಎತ್ತಿಕೊಂಡು ಬೀಗ ತೆಗೆದೆ.