ಗುಂಡಿಗಳಿಗೆ ಹೆಸರಿಟ್ಟ ಅಮೋಘಸಿದ್ಧ

ಸಿಂದಗಿಯ ಅಮೋಘಸಿದ್ಧನಿಗೆ ಹುಟ್ಟಿನಿಂದ ಕಣ್ಣಿಲ್ಲ. ಕಿವಿಗಳೋ, ಇಂಡಿಯಲ್ಲಿ ನಿಂಬೆಹಣ್ಣು ಹಿಂಡಿದರೆ ಇಲ್ಲಿ ಕುಳಿತೇ ಹನಿ ಎಣಿಸುವಂಥವು. ಪರದೆಯ ಮೇಲಿನದನ್ನು ಕಂಪ್ಯೂಟರು ಓದಿ ಹೇಳುತ್ತಿತ್ತು, ಆತ ಡೊಳ್ಳಿನ ಪದ ರೆಕಾರ್ಡ್ ಮಾಡುತ್ತಿದ್ದ. ದನಿ ತಿದ್ದುವ ಹೊಸ ಸಾಫ್ಟ್‌ವೇರ್ ಹಾಕಿಸಿದ್ದೇ ತಡ, ಅದರ ಗುಂಡಿಗಳೆಲ್ಲ ಬರೀ ಚಿತ್ರಗಳಾಗಿದ್ದರಿಂದ ಓದುವ ಕಂಪ್ಯೂಟರು ಮೂಕವಾಯಿತು.

"ನನ್ನ ದನಿ ಒಡದ ಕೊಡದಂಗ ಕೇಳಾಕತ್ತೈತಿ. ಸಂಜೀತನಕ ಸರಿಮಾಡು, ಇಲ್ಲಾಂದ್ರ ವಿಜಾಪುರಕ್ಕ ಹೋಗಿ ಹಾಡ್ತೇನಿ," ಎಂದಳು ಹಾಡುಗಾರ್ತಿ ಶಂಕ್ರೆವ್ವ. ಆಕೆ ಹೋದರೆ ಉಳಿದ ಮೇಳಗಳೂ ಹಿಂದೆಯೇ ಹೊರಡುತ್ತಿದ್ದವು.

"ಹೋಗೀರಂತ, ಮೊದಲ ಚಾ ಕುಡೀರಿ ಯಕ್ಕಾ."

ಆತ ಚಿತ್ರಗಳನ್ನು ಮುಚ್ಚಿ, ಅವೇ ಗುಂಡಿಗಳು ಸಾದಾ ಅಕ್ಷರದಲ್ಲಿರುವ ಪುಟ ತೆರೆದ. ಅಲ್ಲಿಯೂ ಅವುಗಳಿಗೆ ಬರೀ ನಂಬರು. ಆತನದು ಕುರಿಗಾರರ ಮನೆ. ಅವರ ಹಟ್ಟಿಯಲ್ಲಿ ಹೆಸರಿಲ್ಲದ ಕುರಿಯೇ ಇಲ್ಲ. ಹಾಗೆಯೇ ಒಂದೊಂದು ಗುಂಡಿಯನ್ನೂ ತಿರುವಿ, ಆಲಿಸಿ, ಹೆಸರು ಬರೆದ. ಗುಡುಗಿಸುವುದು ಟಗರು, ಚೂಪಾಗಿಸುವುದು ಕೊಂಬಿ, ದನಿ ಒಡೆಯುವುದು ಕದ್ದು ಮೇಯುವ ತುಡುಗಿ. ಕಂಪ್ಯೂಟರು ಹಾಜರಿ ಕೂಗತೊಡಗಿತು. ತುಡುಗಿಯನ್ನು ಹಿಂದಕ್ಕೆಳೆದು ಶಂಕ್ರೆವ್ವನ ಹಾಡು ಹಚ್ಚಿದ.

ಆ ದನಿಗೆ ದೂರದ ನಿಡಗುಂದಿಯ ಬಸ್ಸುಗಳು ನಿಂತು ತಲೆದೂಗಿದವು. ನಂಬದವರು ಕಂಡಕ್ಟರನ್ನು ಕೇಳಬಹುದು.

ಶಂಕ್ರೆವ್ವ ಸೆರಗು ಬಿಗಿದಳು. "ವಿಜಾಪುರ ಎಲ್ಲಿ ಓಡಿಹೋಗ್ತೈತಿ? ಇನ್ನೊಂದು ಪದ ಐತಿ, ಮಷಿನ್ ಚಾಲೂ ಮಾಡೋ ತಮ್ಮಾ!"